ಸಂಶಿ ಅಕ್ಕೋರ ಮನೆಯ ಮೂಗು

ಆ ಮನೆಯಲ್ಲಿ ವಾಸನೆ ಗೊತ್ತಾಗುತ್ತಿದ್ದದ್ದು ಗೋಡೆಗೆ ಮಾತ್ರ. ಮನೆಯೊಡತಿ ಬಾಳವ್ವ ಸಂಶಿ ಅವರಿಗೆ ಹನ್ನೊಂದು ವರ್ಷದ ಹಿಂದೆ ಬಂದ ಜ್ವರ, ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಮೂಗು ಒರೆಸಿ ಒರೆಸಿ ತಮ್ಮದು ಸವೆಯಿತು ಎಂದು ಅವರು ಹೇಳುತ್ತಿದ್ದರು. ಓಣಿಗೆಲ್ಲ ಅವರು ಸಂಶಿ ಅಕ್ಕೋರು. ಅಡುಗೆಮನೆಯ ಬಾಗಿಲ ಮೇಲೆ ಅಂಗೈಯಗಲದ ಒಂದು ಬಿಳಿ ತಟ್ಟೆ ತೂಗುತ್ತಿತ್ತು. ಅದೇ ಮೂಗು. ಹಾಲು ಸೀದರೆ, ಸಾರು ಹಳಸಿದರೆ, ಗ್ಯಾಸ್ ಸೋರಿದರೆ ಅದು ಹೆಂಗಸಿನ ದನಿಯಲ್ಲಿ ಹೇಳುತ್ತಿತ್ತು. "ಆತು ಬಿಡವಾ, ಬಂದೆ," ಎಂದು ಅಕ್ಕೋರು ಅದಕ್ಕೆ ಉತ್ತರವನ್ನೂ ಕೊಡುತ್ತಿದ್ದರು.

ಧಾರವಾಡದ ಹೆಚ್ಚಿನ ಬಾಡಿಗೆ ಮನೆಗಳಿಗೆ ಆ ಹೊತ್ತಿಗೆ ಮೂಗು ಬಂದಾಗಿತ್ತು. ಗ್ಯಾಸಿಗೆ, ಬೆಂಕಿಗೆ ಎಂದು ಬಂದದ್ದು. ಅದರ ಬೇರೆ ಉಪಯೋಗ ಹೊಳೆಯಲು ಮಾಲೀಕರಿಗೆ ಒಂದು ವರ್ಷವೂ ಹಿಡಿಯಲಿಲ್ಲ. ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿತು: ಬಾಡಿಗೆದಾರರಿಂದ ಅಸಹ್ಯ ವಾಸನೆ ಉಂಟಾಗಿ ಮೂಗು ಬಾಡಿಗೆ ಮಂಡಳಿಗೆ ಮೂರು ಸಲ ದೂರು ಕಳಿಸಿದರೆ ಕೋಣೆ ಖಾಲಿ ಮಾಡತಕ್ಕದ್ದು. ಅಸಹ್ಯ ಎಂದರೆ ಯಾವುದು ಎಂದು ಬರೆದಿರಲಿಲ್ಲ. ಬರೆದವರಿಗೂ ಗೊತ್ತಿತ್ತು, ಸಹಿ ಹಾಕುವವರಿಗೂ ಗೊತ್ತಿತ್ತು. ಮೂಗಿಲ್ಲದ ಮನೆಗಳೂ ಇದ್ದವು. ಲಿಫ್ಟು, ಈಜುಕೊಳ ಎಲ್ಲ ಇದ್ದ ಆ ಕಟ್ಟಡಗಳ ಬಾಡಿಗೆ ಕೇಳಿದರೆ ಸಾಕಿತ್ತು, ಒಳಗೆ ಹೋಗಿ ನೋಡುವ ಕಷ್ಟ ತಪ್ಪುತ್ತಿತ್ತು.

ಯೋಗಿತಾ ಅಂಬಿಗ ಬೇಲೆಕೇರಿಯವಳು. ಅಂಕೋಲೆಯ ಕಾಲೇಜಿನಲ್ಲಿ ಎರಡು ವರ್ಷ ಓದಿ, ವರ್ಗಾವಣೆ ಪರೀಕ್ಷೆ ಬರೆದು, ಧಾರವಾಡದ ಅನ್ವಯ ವಿಜ್ಞಾನ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಬಂದಿದ್ದಳು. ರಾಜ್ಯಕ್ಕೆಲ್ಲ ಸೇರಿ ಅವಳ ವಿಭಾಗದಲ್ಲಿದ್ದ ಸೀಟು ಒಂಬತ್ತು. ಮೊದಲಿನಿಂದ ಓದುತ್ತಿದ್ದವರಿಗೇ ಹಾಸ್ಟೆಲ್ ಸಾಲದು, ಮಧ್ಯದಲ್ಲಿ ಬಂದವರಿಗೆ ಎಲ್ಲಿಂದ? ಹೊರಗೆ ಕೋಣೆ ಹಿಡಿಯಬೇಕು, ಬಾಡಿಗೆ ಮಂಡಳಿಯಿಂದ ವಾಸದ ಪತ್ರ ತರಬೇಕು, ಮೊದಲ ಸೆಮಿಸ್ಟರ್ ಮುಗಿಯುವತನಕ ಆ ಪತ್ರ ರದ್ದಾಗಬಾರದು. ರದ್ದಾದರೆ ಸೀಟು ಕಾಯುವವರ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ನಾನೂರು ಜನರಿದ್ದರು.

ಹದಿನಾಲ್ಕು ಕೋಣೆ ನೋಡಿದಳು. ಹನ್ನೆರಡು ಕಡೆ ಅಡ್ಡಹೆಸರು ಕೇಳಿದ ಮೇಲೆ ಕೋಣೆ ನಿನ್ನೆಯೇ ಹೋಗಿತ್ತು. ಒಂದು ಕಡೆ ಕೋಣೆಗೆ ಬಾಗಿಲಿರಲಿಲ್ಲ. ಹದಿನಾಲ್ಕನೆಯದು ಸಪ್ತಾಪುರದ ಒಳಓಣಿಯಲ್ಲಿದ್ದ ಈ ಮನೆ. ಅಕ್ಕೋರು ಪಡಸಾಲೆಯಲ್ಲಿ ಕೂತು ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದರು.

"ಅಂಬಿಗ ಅಂದ್ರ ದೋಣಿ ನಡಸೋರೇನು?"

"ಹೌದ್ರಿ. ಈಗ ಆಯಿ ಮೀನು ಒಣಗಿಸಿ ಮಾರ್ತದೆ."

"ಅಂದ್ರ ತಿಂತೀರಿ."

"ತಿಂತೇವೆ."

"ಇಲ್ಲಿ ತಿನ್ನೂಹಂಗಿಲ್ಲ."

"ತಿನ್ನುದಿಲ್ಲ."

ಅಕ್ಕೋರು ಕನ್ನಡಕದ ಮೇಲಿನಿಂದ ಅವಳನ್ನು ಎರಡನೇ ಇಯತ್ತೆಯ ಹುಡುಗಿಯನ್ನು ನೋಡುವಂತೆ ನೋಡಿದರು. "ಕಣ್ಣು ಚಲೋ ಅದಾವೇನು?"

"ಎಂತಕೆ?"

"ದಿನಾ ಮುಂಜಾನೆ ಹತ್ತು ಸೂಜಿಗೆ ದಾರ ಪೋಣಿಸಿ ಇಟ್ಟು ಹೋಗಬೇಕು. ನನಗ ಸೂಜಿ ಕಣ್ಣು ಕಾಣೂದಿಲ್ಲ. ಅಷ್ಟು ಮಾಡಿದ್ರ ಬಾಡಿಗಿ ಅರ್ಧ."

ಹಾಗೆ ಯೋಗಿತಾಳಿಗೆ ಕೋಣೆ ಸಿಕ್ಕಿತು.

ಕೊಟ್ಟ ಮಾತನ್ನು ಅವಳು ಮುರಿಯಲಿಲ್ಲ. ಆದರೆ ತಾಯಿ, ಅವಳ ಆಯಿ, ಹೇಳದೆ ಕೇಳದೆ ಚೀಲದ ತಳಕ್ಕೆ ಒಂದು ಸ್ಟೀಲ್ ಡಬ್ಬಿ ತುರುಕಿದ್ದಳು. ಒಳಗೆ ಒಣ ಸೀಗಡಿ. ಯೋಗಿತಾ ತಿನ್ನಲಿಲ್ಲ. ದಿನಕ್ಕೊಮ್ಮೆ ಬಾಗಿಲು ಹಾಕಿ, ಮುಚ್ಚಳ ತೆಗೆದು, ಒಂದು ಉಸಿರು ಎಳೆದು ಮುಚ್ಚುತ್ತಿದ್ದಳು. ಊರಿನ ನೆನಪು ಗಿನಪು ಏನಲ್ಲ. ಹಾಗೆ ಮಾಡಿದರೆ ಓದಿದ್ದು ತಲೆಗೆ ಹೋಗುತ್ತಿತ್ತು, ಅಷ್ಟೇ.

ನಾಲ್ಕನೇ ದಿನ ಮೂಗು ಹೇಳಿತು: "ಮನೆಯಲ್ಲಿ ಸತ್ತ ಇಲಿ ಇದೆ."

ಅಕ್ಕೋರು ಹೊಲಿಗೆ ಬಿಟ್ಟು ಎದ್ದರು. ಅಟ್ಟದ ಸಾಮಾನು ಇಳಿಸಿದರು. ಮಂಚ ಸರಿಸಿದರು. ಹತ್ತೊಂಬತ್ತು ಕೌದಿಗಳನ್ನು ಒಂದೊಂದಾಗಿ ಝಾಡಿಸಿದರು. ಹುಡುಕಾಟದ ಎರಡನೇ ದಿನ ಜೋಳದ ಕಣಜವನ್ನೇ ಬರಿದು ಮಾಡಿಸಿದರು. ಯೋಗಿತಾ ಬ್ಯಾಟರಿ ಹಿಡಿದು ಕಣಜದೊಳಕ್ಕೆ ಇಳಿದು, ತಳವೆಲ್ಲ ತಡಕಿ, "ಇಲ್ಲ ಅಕ್ಕೋರೆ," ಎಂದಳು. ತಲೆಗೂದಲ ತುಂಬ ಜೋಳದ ಹೊಟ್ಟು. ಅಕ್ಕೋರಿಗೆ ಅಯ್ಯೋ ಅನ್ನಿಸಿ, ಎಣ್ಣೆ ಹಚ್ಚಿ ತಲೆ ಬಾಚಿದರು. ಯೋಗಿತಾಳಿಗೆ ಅದಕ್ಕಿಂತ ನಾಲ್ಕು ಏಟು ಬಿದ್ದಿದ್ದರೆ ಹಗುರಾಗುತ್ತಿತ್ತು.

ಮೂರನೇ ದಿನ ಕಾರ್ಪೊರೇಷನ್ನಿನ ಇಲಿ ಹಿಡಿಯುವ ಫಕ್ಕೀರಪ್ಪ ಬಂದ. "ಈ ತಿಂಗಳು ಇದು ಹದಿನೆಂಟನೇ ಮನಿ ನೋಡ್ರಿ ಅಕ್ಕೋರ. ಇಲಿ ಅಂತಾರ, ಬಂದ್ರ ಇಲಿ ಇಲ್ಲ." ಯೋಗಿತಾಳ ಕೋಣೆಯ ಹೊಸ್ತಿಲಲ್ಲಿ ನಿಂತು ಮೂಗರಳಿಸಿದ. ಅವಳ ಮುಖ ನೋಡಿದ. "ಇಲ್ಲಿ ಏನೂ ಇಲ್ರಿ," ಎಂದು ಒಳಗೆ ಕೂಗಿ ಹೇಳಿ, ತಗ್ಗಿದ ದನಿಯಲ್ಲಿ, "ತಂಗಿ, ಮುಚ್ಚಳ ಬಿಗಿ ಇಡು," ಎಂದು ಹೋದ.

ಅವತ್ತೇ ಅವಳು ಸೀಗಡಿಯನ್ನು ಕಸದ ಗಾಡಿಗೆ ಸುರಿದಳು. ಡಬ್ಬಿಯನ್ನೂ ಎಸೆದಳು. ಮಾರನೆಯ ದಿನ ಮೂಗು ಮತ್ತೆ ಹೇಳಿತು: "ಸತ್ತ ಇಲಿ ಇದೆ." ಆಗ ಅವಳಿಗೆ ಅರ್ಥವಾಯಿತು. ಚೀಲ, ಹಾಸಿಗೆ, ಪುಸ್ತಕ, ಬಟ್ಟೆ ಎಲ್ಲದರಲ್ಲೂ ಅದು ಇತ್ತು. ಇಪ್ಪತ್ತು ವರ್ಷ ಮೀನು ಒಣಗುವ ಅಂಗಳದಲ್ಲೇ ಒಣಗಿದ ಬಟ್ಟೆ. ಎಸೆಯುತ್ತ ಹೋದರೆ ಕೊನೆಗೆ ಎಸೆಯಲು ಅವಳೇ ಉಳಿಯುತ್ತಿದ್ದಳು.

ಒಂದು ಸಮಾಧಾನವಿತ್ತು. ಇಲಿ ಸತ್ತರೆ ಅದು ಬಾಡಿಗೆದಾರರ ತಪ್ಪಲ್ಲ. ಮೂಗು ಅದನ್ನು ಬರೀ ಸೂಚನೆ ಎಂದು ಹೇಳುತ್ತಿತ್ತು, ದೂರು ಎಂದು ಮಂಡಳಿಗೆ ಕಳಿಸುತ್ತಿರಲಿಲ್ಲ.

ಆ ಮೂಗುಗಳನ್ನು ಮಾಡಿದ್ದು ಯೋಗಿತಾ ಓದುತ್ತಿದ್ದ ವಿಭಾಗದಲ್ಲೇ. ಒಂದು ಬುಧವಾರ ನಾಡಗೌಡ ಮೇಡಂ ಅವಳನ್ನೂ ಎರ್ರಿಸ್ವಾಮಿಯನ್ನೂ ಪ್ರಯೋಗಾಲಯಕ್ಕೆ ಕರೆದರು. ಎರ್ರಿಸ್ವಾಮಿ ಬಳ್ಳಾರಿ ಕಡೆಯ ಹುಡುಗ, ಅವನೂ ವರ್ಗಾವಣೆಯವನೇ. ಮೇಡಂ ಗೋಡೆಯ ಮೇಲೆ ಊರಿನ ನಕ್ಷೆ ಬಿಡಿಸಿದರು. ಅದರ ಮೇಲೆ ನಲವತ್ತು ಕೆಂಪು ಚುಕ್ಕೆ.

"ಜುಲೈಯಿಂದ ಈ ಊರಾಗ ಇಲಿ ಸಾಯೋದು ನಾಲ್ಕು ಪಟ್ಟು ಹೆಚ್ಚಾಗೇದ. ಪ್ಲೇಗ್ ಬಂದದೇನು ಅಂತ ಕಾರ್ಪೊರೇಷನ್ನಿನವರು ನನಗ ಪತ್ರ ಬರದಾರ. ಒಂದು ಇಲಿನೂ ಸಿಕ್ಕಿಲ್ಲ."

ಇಬ್ಬರೂ ನೆಲ ನೋಡಿದರು.

ಮೇಡಂ ಮೂಗಿನ ಪೊರೆಯೊಂದನ್ನು ಚಿಮಟದಲ್ಲಿ ಎತ್ತಿ ಹಿಡಿದರು. ಹಪ್ಪಳದ ಚೂರಿನಷ್ಟು ತೆಳು. ನಾಯಿಯ ಮೂಗಿನಲ್ಲಿರುವಂಥ ನಾನೂರು ಬಗೆಯ ಪ್ರೋಟೀನು ಅದರ ಮೇಲೆ ಕೂತಿದ್ದವು. ವಾಸನೆಯ ಕಣ ಬಂದು ತಾಗಿದರೆ ಕೆಲವು ಮಿಡುಕುತ್ತವೆ, ಕೆಲವು ಸುಮ್ಮನಿರುತ್ತವೆ. ಯಾವುವು ಮಿಡುಕಿದವು ಎಂಬ ಚುಕ್ಕಿಗಳ ರಂಗೋಲಿಯೇ ಆ ವಾಸನೆ. "ರಂಗೋಲಿ ಯಂತ್ರಕ್ಕ ಕಾಣಸ್ತದ. ಹೆಸರು ಮಾತ್ರ ನಾವು ಕೊಡಬೇಕು. ಮೊದಲ ಸಲ ಎರಡು ಸಾವಿರ ಮನಿ ಗಾಳಿ ತಂದು ಹೆಸರು ಕೊಟ್ವಿ. ಗೊತ್ತಿಲ್ಲದ್ದು ಬಂದ್ರ ಅದು ಹತ್ತಿರದ ಹೆಸರು ಹೇಳ್ತದ. ಇಲ್ಲಿ ಏನೋ ಬಂದದ. ಏನಂತ ಹುಡುಕ್ರಿ. ವಾಸನಿ ಪರೀಕ್ಷಾದಾಗ ನೀವಿಬ್ಬರೇ ಮೊದಲು ಬಂದೀರಿ."

ಮೇಡಂ ಹೋದ ಮೇಲೆ ಎರ್ರಿಸ್ವಾಮಿ ನಕ್ಷೆಯ ಮೇಲೊಂದು ಚುಕ್ಕೆಗೆ ಬೆರಳಿಟ್ಟ. "ಇದು ನಾನು."

ಯೋಗಿತಾ ಇನ್ನೊಂದಕ್ಕೆ ಇಟ್ಟಳು. "ಇದು ನಾನು."

"ನಿಂದು ಎಂಥ ಇಲಿ?"

"ಸೀಗಡಿ. ಎಸೆದೆ. ಆದ್ರೂ ದಿನಾ ಸಾಯ್ತದೆ. ನಿಂದು?"

"ಕುರಿ. ಅಮ್ಮ ಉಪ್ಪು ಖಾರ ಹಚ್ಚಿ ಒಣಗಿಸಿ ಕಳಿಸ್ತಾಳೆ. ಎಸೆಯೋದಾ? ನಾನೇನು ಹುಚ್ಚನಾ, ತಿಂತಾ ಇದೀನಿ."

ಇಬ್ಬರೂ ಮೇಜು ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಚುಕ್ಕೆಗಳನ್ನು ನೋಡಿದರು. ಎಲ್ಲ ಅವರಂಥ ವರ್ಗಾವಣೆಯವರೇ. ಹೆಚ್ಚಿನವರ ಹೆಸರೂ ಗೊತ್ತಿತ್ತು.

"ನಾವು ಹೆಸರು ಕೊಟ್ವಿ ಅಂದ್ಕೋ," ಎರ್ರಿಸ್ವಾಮಿ ಹೇಳಿದ, "ಮರುದಿನದಿಂದ ಸೂಚನೆ ಹೋಗಿ ದೂರು. ಮೂರು ದಿನಕ್ಕೆ ಎಲ್ಲರೂ ರೋಡಿಗೆ. ಇಲಿನೇ ಇರ್ಲಿ ಬಿಡು. ಇಲಿಗೆ ಜಾತಿ ಇಲ್ಲ."

ಸರಿಯಾದ ಮಾತು. ಅವರು ಹುಡುಕುವ ಕೆಲಸವನ್ನು ಬಹಳ ಶ್ರದ್ಧೆಯಿಂದ ನಿಧಾನ ಮಾಡಿದರು. ಚರಂಡಿ ಮಣ್ಣು, ಒದ್ದೆ ಗೋಡೆ, ಹಳೆ ಬೂಟು ಎಂದು ಮೇಡಂಗೆ ವಾರಕ್ಕೊಂದು ವರದಿ ಹೋಯಿತು.

ಸಪ್ತಾಪುರದಲ್ಲಿ ಮೂಗು ದಿನವೂ ಇಲಿ ಎಂದಿತು. ಇಪ್ಪತ್ತೆರಡನೇ ದಿನ ಅಕ್ಕೋರು ಸ್ಟೂಲು ಹತ್ತಿ ಅದನ್ನು ಕಿತ್ತರು. "ಸತ್ತೈತಿ ಸತ್ತೈತಿ ಅಂತ ದಿನಾ ಮನ್ಯಾಗ ಹೆಣ ಕಾದಂಗ ಆಗೇತಿ," ಎಂದು ಹಳೆ ಕೌದಿಯಲ್ಲಿ ಸುತ್ತಿ ಟ್ರಂಕಿನೊಳಗೆ ಹಾಕಿದರು. ಆಮೇಲೆ ಯೋಗಿತಾಳನ್ನು ನೋಡಿ, "ನೀ ಅದೀಯಲ್ಲ. ಹಾಲು, ಸಾರು ಏನಿದ್ರೂ ಮೂಸಿ ಹೇಳು. ಯಂತ್ರಕ್ಕಿಂತ ಹುಡುಗಿ ಚಲೋ," ಎಂದರು.

ಅದು ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಹತ್ತು ಸೂಜಿ, ಎರಡು ಪಾತ್ರೆ. ಯೋಗಿತಾ ಮೂಸಿ, "ಇದು ಸಂಜೆತನಕ ತಡೀತದೆ, ಇದನ್ನ ಈಗ್ಲೇ ಉಣ್ಣಿ," ಎನ್ನುವಳು. ಅಕ್ಕೋರು ಮೂಗಿಲ್ಲದವರ ಕುತೂಹಲದಿಂದ ಅವಳನ್ನು ಕೆದಕುವರು. ಮಳೆ ಬಿದ್ದ ಮಣ್ಣು ಈಗಲೂ ಹಾಗೇ ಬರುತ್ತದೆಯೇ? ಬಸ್‌ಸ್ಟ್ಯಾಂಡಿನ ಫೇಡೆಯ ಅಂಗಡಿ? "ಸಾಲಿ ಮಕ್ಕಳ ತಲಿ ವಾಸನಿ ನೆನಪೈತಿ ನೋಡು, ಅದೊಂದು ಹೋಗಿಲ್ಲ," ಎಂದರು ಒಮ್ಮೆ. ಓದಿ ಓದಿ ಅವಳ ಮುಖ ಬಾಡಿದರೆ ಬೈಯುವರು, ಬೈದು ಶೇಂಗಾ ಹೋಳಿಗೆ ಕೊಡುವರು.

ಅಕ್ಟೋಬರಿನ ಒಂದು ಸೋಮವಾರ ಸೆಮಿಸ್ಟರಿನ ನಡುವಿನ ಪರೀಕ್ಷೆಯಿತ್ತು. ಯೋಗಿತಾ ಏಳಕ್ಕೇ ಹೊರಟಳು. ಸೂಜಿ ಪೋಣಿಸಿದಳು; ಪಾತ್ರೆ ಮೂಸುವುದು ಮರೆಯಿತು. ನಾಲ್ಕು ಗಂಟೆಗೆ ಮರಳಿದವಳಿಗೆ ಅಂಗಳದಲ್ಲೇ ಹುಳಿ ವಾಸನೆ ಬಡಿಯಿತು. ಅಕ್ಕೋರು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಹಿಂದಿನ ದಿನದ ಮೊಳಕೆ ಕಾಳಿನ ಪಲ್ಯ ಉಂಡು, ವಾಂತಿ ಭೇದಿಯಾಗಿ, ಏಳಲು ತ್ರಾಣವಿಲ್ಲದೆ ಎರಡು ತಾಸು ಅಲ್ಲೇ.

ಆಸ್ಪತ್ರೆಯಲ್ಲಿ ಸಲೈನು ಹಾಕಿದರು. ಡಾಕ್ಟರು, "ಹಳಸಿದ್ದು ಗೊತ್ತಾಗಲಿಲ್ಲೇನ್ರಿ?" ಎಂದು ಕೇಳಿದರೆ ಅಕ್ಕೋರು, "ಮೂಗು ಟ್ರಂಕಿನ್ಯಾಗ ಇತ್ತರಿ," ಎಂದರು. ಡಾಕ್ಟರು ತಲೆಗೂ ಒಂದು ಪರೀಕ್ಷೆ ಬರೆದುಕೊಟ್ಟರು.

ಮಾರನೆಯ ಬೆಳಿಗ್ಗೆ ಹಾಸಿಗೆಯ ಪಕ್ಕ ಕೂತು ಯೋಗಿತಾ ಎಲ್ಲ ಹೇಳಿದಳು. ಡಬ್ಬಿ, ಎಸೆದದ್ದು, ಚುಕ್ಕೆಗಳು, ಬೇಕೆಂದೇ ತಡ ಮಾಡಿದ್ದು. ಅಕ್ಕೋರು ಸಲೈನು ಚುಚ್ಚಿದ ಕೈಯಿಂದಲೇ ಕನ್ನಡಕ ಹಾಕಿಕೊಂಡರು.

"ಕಣಜ ಖಾಲಿ ಮಾಡೂಮುಂದ ನೀನಽ ಬ್ಯಾಟರಿ ಹಿಡಿದಿದ್ದಿ."

"ಹೌದು."

"ಒಳಗ ಇಳದು ಹುಡುಕಿದಿ."

"ಹೌದು."

"ಇಲಿ ಇಲ್ಲಂತ ಗೊತ್ತಿತ್ತು."

"ಗೊತ್ತಿತ್ತು ಅಕ್ಕೋರೆ."

"ನಾಟಕ ಕಂಪನಿ ಸೇರಬೇಕಾಗಿತ್ತು ನೀ. ಸೈನ್ಸ್ ಯಾಕ ತಗೊಂಡಿ?" ಅವರು ಕಣ್ಣು ಮುಚ್ಚಿದರು. "ನಾ ಮೀನಿಗೆ ಸಿಟ್ಟಾಗಿಲ್ಲ. ನನ್ನ ಕಡೆ ಇದ್ದದ್ದು ಒಂದಽ ಮೂಗು. ಅದು ಸುಳ್ಳು ಹೇಳೂಹಂಗ ಮಾಡಿದಿ. ನನಗ ಖರೇ ಹೇಳೂ ಮೂಗು ಬೇಕು. ಅಷ್ಟು ಮಾಡಿ ಕೊಡು."

"ಮಾಡಿದ್ರೆ ಅದು ನನ್ನ ಹೆಸರು ಹೇಳ್ತದೆ. ಪತ್ರ ರದ್ದಾಗ್ತದೆ. ಸೀಟು ಹೋಗ್ತದೆ."

"ಗೊತ್ತಾತು," ಎಂದರು ಅಕ್ಕೋರು.

ಯೋಗಿತಾ ಆಸ್ಪತ್ರೆಯಿಂದ ಸೀದಾ ಎರ್ರಿಸ್ವಾಮಿಯ ಬಳಿ ಹೋದಳು. ಅವನು ಕೇಳಿ, "ನಿನ್ನ ಅಕ್ಕೋರಿಗೆ ಹೊಟ್ಟೆ ಕೆಟ್ರೆ ನಲವತ್ತು ಜನರ ಸೀಟು ಹೋಗಬೇಕಾ?" ಎಂದ. ಯೋಗಿತಾ "ಹೊಟ್ಟೆ ಕೆಟ್ಟದ್ದಲ್ಲ, ಸಾಯ್ತಿದ್ರು," ಎಂದಷ್ಟೇ ಹೇಳಿ ಮೇಡಂ ಕೋಣೆಗೆ ನಡೆದಳು.

ನಾಡಗೌಡ ಮೇಡಂ ಪೂರ್ತಿ ಕೇಳಿಸಿಕೊಂಡರು. "ಅಂದ್ರ ಇಲಿಗಳು ನೀವು."

"ಹೌದು ಮೇಡಂ. ಹೆಸರು ನಾ ಕೊಡ್ತೆ. ಆದ್ರೆ ದೂರು ಅಂತ ಕೊಡುದಿಲ್ಲ. ಸೀಗಡಿ ಅಂದ್ರೆ ಸೀಗಡಿ. ಅದು ಅಸಹ್ಯವ, ಅಲ್ಲವ ಅಂತ ಯಂತ್ರ ಹೇಳುದು ಬೇಡ."

"ಮೂಗು ಮಾರೂ ಕಂಪನಿಯವರು ಬಿಡೂದಿಲ್ಲ. ಅವರಿಗೆ ಬೇಕಾದದ್ದು ಎರಡೇ ಮಾತು. ಸರಿ, ಇಲ್ಲಾ ದೂರು."

"ತಪ್ಪು ಹೆಸರು ಹೇಳಿದ ಮೂಗಿಂದ ಒಬ್ರು ಆಸ್ಪತ್ರೆಲಿದ್ದಾರೆ. ಅದನ್ನ ಬರೆದು ಕಳಿಸಿ."

ಮೇಡಂ ಬರೆದರು. ಹತ್ತು ದಿನ ಪತ್ರ ಹೋಗಿ ಬಂದು ಮಾಡಿತು. ಕೊನೆಗೆ ಒಪ್ಪಂದವಾದದ್ದು ಅರ್ಧ. ಹೊಸ ಮೂಗು ವಾಸನೆಯ ಹೆಸರು ಹೇಳುತ್ತದೆ. ಆಮೇಲೆ, ಇದು ಬಾಡಿಗೆದಾರರದೋ ಮಾಲೀಕರದೋ ಎಂದು ಕೇಳುತ್ತದೆ. ಮಾಲೀಕರು ಬಾಯಿಬಿಟ್ಟು ಬಾಡಿಗೆದಾರರದು ಎಂದರೆ ಮಾತ್ರ ದೂರು. "ಇದರ ಮ್ಯಾಲೆ ನನ್ನ ಕೈಯಾಗ ಇಲ್ಲವಾ. ಜನರ ಬಾಯಿಗೆ ಪ್ರೋಟೀನು ಕೂಡಸಲಿಕ್ಕೆ ಬರೂದಿಲ್ಲ," ಎಂದರು ಮೇಡಂ.

ಮೂರು ವಾರ ಯೋಗಿತಾ ಹೆಸರು ಕೊಟ್ಟಳು. ಆಯಿ ಬೇಲೆಕೇರಿಯಿಂದ ಮೂವತ್ತು ಪೊಟ್ಟಣ ಕಳಿಸಿದಳು, ಪ್ರತಿಯೊಂದಕ್ಕೂ ನೋಟ್‌ಬುಕ್ಕಿನ ಹಾಳೆ ಅಂಟಿಸಿ: ಸೀಗಡಿ, ಮೂರು ಬಿಸಿಲು. ಬಂಗಡೆ, ಉಪ್ಪು ಹೆಚ್ಚು. ಇದು ಮೋಡ ಬಿದ್ದ ದಿನದ್ದು, ಮಾರುವಂಥದ್ದಲ್ಲ. ಫೋನಿನಲ್ಲಿ ನಗುತ್ತ, "ನಾತಕ್ಕೂ ಕಾಲೇಜು ಮಾಡಿದ್ದಾರ್ಯೆ ಮಗಾ? ಹಂಗಾದ್ರೆ ನಾ ಪ್ರೊಫೆಸರು," ಎಂದಳು. ಮೂರನೇ ದಿನ ಎರ್ರಿಸ್ವಾಮಿ ಬಂದು ತನ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಅರ್ಧ ಖಾಲಿಯಾಗಿತ್ತು. "ಬರ್ಕೋ. ಕುರಿ, ಹತ್ತು ಬಿಸಿಲು. ಹೆಸರಾದ್ರೂ ಸರಿಯಾಗಿ ಇರ್ಲಿ."

ನವೆಂಬರಿನಲ್ಲಿ ಎಲ್ಲ ಮೂಗುಗಳೂ ಹೊಸ ಪಾಠ ಕಲಿತವು. ಊರಿನ ಇಲಿಗಳು ಸಾಯುವುದನ್ನು ನಿಲ್ಲಿಸಿದವು. ನಲವತ್ತು ಮನೆಗಳ ಮಾಲೀಕರಲ್ಲಿ ಹದಿನಾರು ಮಂದಿ ಬಾಡಿಗೆದಾರರದು ಎಂದರು. ಉಳಿದವರು ಏನು ಯೋಚಿಸಿ ಬಿಟ್ಟರೋ. ಕೆಲವರಿಗೆ ಬಾಯಿಬಿಟ್ಟು ಹೇಳಲು ನಾಚಿಕೆ, ಕೆಲವರಿಗೆ ಮತ್ತೆ ಬಾಡಿಗೆಗೆ ಜನ ಹುಡುಕುವ ಬೇಸರ. ಎರ್ರಿಸ್ವಾಮಿಯ ಮಾಲೀಕರು ಒಂದೇ ವಾರದಲ್ಲಿ ಮೂರು ಸಲ ಹೇಳಿ ಮುಗಿಸಿದರು. ಅವನು ಹುಬ್ಬಳ್ಳಿಯಲ್ಲಿದ್ದ ಸೋದರಮಾವನ ಮನೆಗೆ ಹೋದ. ಎರಡೂ ಊರಿಗೆ ಒಂದೇ ಬಾಡಿಗೆ ಮಂಡಳಿಯಾದ್ದರಿಂದ ಪತ್ರ ಬದಲಾಯಿಸಿಕೊಟ್ಟರು, ಸೀಟು ಉಳಿಯಿತು. ಉಳಿದ ಹದಿನೈದು ಜನರಲ್ಲಿ ಐವರಿಗೆ ಬೇರೆ ಕೋಣೆ ಸಿಗಲಿಲ್ಲ. ಅವರು ಹೊರಟ ದಿನ ಯೋಗಿತಾ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಯಾರೂ ಮಾತನ್ನೂ ಆಡಲಿಲ್ಲ.

ಸಪ್ತಾಪುರದ ಮೂಗು ಟ್ರಂಕಿನಿಂದ ಹೊರಬಂದದ್ದು ಒಂದು ಭಾನುವಾರ. ಅಕ್ಕೋರ ತಂಗಿ ಶಿವಗಂಗವ್ವ ಊಟಕ್ಕೆ ಬಂದಿದ್ದರು. ಯೋಗಿತಾಳೇ ಸ್ಟೂಲು ಹತ್ತಿ ಅದನ್ನು ಮೊಳೆಗೆ ಸಿಕ್ಕಿಸಿದಳು. ತನ್ನ ಸಾಮಾನನ್ನೆಲ್ಲ ಹಿಂದಿನ ದಿನವೇ ಚೀಲಕ್ಕೆ ತುಂಬಿಟ್ಟಿದ್ದಳು. ಅಕ್ಕೋರು ನೋಡಿದ್ದರು, ಏನೂ ಕೇಳಿರಲಿಲ್ಲ.

ರೊಟ್ಟಿ ಬಡಿಸಿದರು. ಎಣ್ಣೆಗಾಯಿ ಬಡಿಸಿದರು. ಮೂಗಿನ ದನಿ ಬಂತು.

"ಎಣ್ಣೆಗಾಯಿ. ಸರಿಯಾಗಿದೆ. ಒಣ ಸೀಗಡಿ, ಮೂರು ಬಿಸಿಲು, ಹಳೆಯದು. ಇದು ಬಾಡಿಗೆದಾರರದೋ, ಮಾಲೀಕರದೋ?"

ಶಿವಗಂಗವ್ವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯೋಗಿತಾ ತಾಟಿನ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಳು.

"ಮಾಲೀಕರದು," ಎಂದರು ಅಕ್ಕೋರು.

"ದಾಖಲಾಗಿದೆ," ಎಂದಿತು ಮೂಗು.

"ಅಕ್ಕಾ!" ಶಿವಗಂಗವ್ವ ಕಿರುಚಿದರು. "ಕೊರಳಾಗ ಲಿಂಗ ಕಟ್ಕೊಂಡಾಕಿ ನೀ! ಏನ್ ಹೇಳಾಕತ್ತಿ?"

"ಮನಿ ಯಾರದು?"

"ನಿಂದು."

"ಮತ್ತ ಮನಿ ವಾಸನಿ ಯಾರದಾತು? ನಾ ತಿನ್ನಾಕಿ ಅಲ್ಲ, ತಿಂದೂ ಇಲ್ಲ. ಲಿಂಗಕ್ಕ ಅದು ಗೊತ್ತೈತಿ. ಮಂಡಳಿಗೆ ಗೊತ್ತಾಗಬೇಕಾದ್ದು ಇಷ್ಟಽ."

"ಆ ದಾಖಲೆ ಎಲ್ಲಾರಿಗೂ ಕಾಣತೈತಿ. ಬೀಗರು ನೋಡ್ತಾರ, ಮಠದವರು ನೋಡ್ತಾರ."

"ನೋಡ್ಲಿ. ಮೂವತ್ತೆರಡು ವರ್ಷ ನಾ ಹಾಜರಿ ಕರದೇನಿ. ನಾ ಹಾಕಿದ ಹಾಜರಿ ಯಾರೂ ತಿದ್ದಿಲ್ಲ." ಅಕ್ಕೋರು ಯೋಗಿತಾಳ ಕಡೆ ತಿರುಗಿದರು. "ಮತ್ತ ನೀ, ಮುಗ್ಗಸಗೇಡಿ, ಚೀಲ ಯಾಕ ತುಂಬೀದಿ? ಉಂಡು ಬಿಚ್ಚಿ ಇಡು. ಪಲ್ಯಾ ಹಾಕ್ಕೋ."

ಶಿವಗಂಗವ್ವ ಅರ್ಧ ರೊಟ್ಟಿ ಬಿಟ್ಟು ಎದ್ದುಹೋದರು. ಮುಂದಿನ ತಿಂಗಳು ಅವರ ಮನೆಯ ಸೀಮಂತಕ್ಕೆ ಅಕ್ಕನಿಗೆ ಕರೆ ಬರಲಿಲ್ಲ. ಅಕ್ಕೋರು ಆ ಮಗುವಿಗೆಂದು ಹೊಲಿಯುತ್ತಿದ್ದ ಪುಟ್ಟ ಕೌದಿಯನ್ನು ಮುಗಿಸಿ, ಮಡಿಸಿ, ಟ್ರಂಕಿನಲ್ಲಿಟ್ಟರು. ಆ ದಿನ ಯೋಗಿತಾ ಅವರ ಪಕ್ಕ ಕೂತಿದ್ದು ಕಾಲೇಜಿಗೆ ತಡವಾಗಿ ಹೋದಳು.

ಸೆಮಿಸ್ಟರ್ ಮುಗಿಯುವವರೆಗೂ ಮೂಗು ಕೇಳುತ್ತಲೇ ಇತ್ತು. ಯೋಗಿತಾ ಕಪಾಟು ತೆಗೆದರೆ ಕೇಳುತ್ತಿತ್ತು, ತಲೆ ಒರೆಸಿಕೊಂಡು ಹಾದುಹೋದರೆ ಕೇಳುತ್ತಿತ್ತು. ಅಕ್ಕೋರು ಹೊಲಿಗೆಯಿಂದ ಕಣ್ಣೆತ್ತದೆ ಮಾಲೀಕರದು, ಮಾಲೀಕರದು ಎನ್ನುವರು. ಡಿಸೆಂಬರಿನಲ್ಲಿ ಸೀಟು ಖಾಯಂ ಆದ ಕಾಗದ ಹಿಡಿದು ಅವಳು ಒಳಗೆ ಬಂದಾಗಲೂ ಅದು ಅದನ್ನೇ ಕೇಳಿತು. ಕಾಗದ ಓದುತ್ತಿದ್ದ ಅಕ್ಕೋರಿಗೆ ಸಿಟ್ಟು ಬಂತು.

"ಎಷ್ಟು ಸಲ ಕೇಳತೀಯೇ? ನಂದು ಅಂತ ಹೇಳಿಲ್ಲೇನು!"